ಶಿವರಾತ್ರಿಗೇ ಹಳ್ಳ ಬತ್ತುತ್ತಿದೆ: ನೀರು, ಗೊಬ್ಬರ ಎರಡರ ಲೆಕ್ಕ ಇಡುವುದು ಹೇಗೆ?

ತೋಟದಂಚು

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರ ಕಡೆ, ಕಣಿವೆಯಲ್ಲಿ ಅಡಿಕೆ ತೋಟ. ಮೇಲೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರಾಚೆ ಒಂದಿಷ್ಟು ಹಳೇ ಕಾಡು, ಎಡಗಡೆ ಗುಡ್ಡದಲ್ಲಿ ಅಕೇಶಿಯಾ ಪ್ಲಾಂಟೇಶನ್. ಎಲ್ಲದರ ನೀರೂ ಸೇರಿ ಒಂದು ಹಳ್ಳವಾಗಿ ತೋಟದ ಅಂಚಿನಲ್ಲೇ ಹೋಗುತ್ತದೆ. ಅಪ್ಪನ ಕಾಲದಲ್ಲಿ ಯುಗಾದಿ ಕಳೆದ ಮೇಲೂ ಹರಿಯುತ್ತಿತ್ತಂತೆ. ಈಗ ಶಿವರಾತ್ರಿ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನೀರು, ಅಷ್ಟೇ.

ಮನೆಯಲ್ಲಿ ಇದೇ ವಾದ. ದೊಡ್ಡಪ್ಪ ಕಾಡು ಹೋಗಿದ್ದಕ್ಕೆ ಅಂತಾರೆ, ತಮ್ಮ ಅಕೇಶಿಯಾನೇ ಎಲ್ಲ ಕುಡಿದು ಹಾಕುತ್ತದೆ ಅಂತಾನೆ, ಭಾವ ಬಂದರೆ ಊರಿನ ಬೋರ್‌ವೆಲ್ ಕಡೆ ಕೈ ತೋರಿಸುತ್ತಾರೆ. ಯಾರ ಹತ್ತಿರವೂ ಒಂದು ಅಳತೆ ಇಲ್ಲ.

ಇನ್ನೊಂದು ವಿಷಯ. ತೋಟಕ್ಕಿಂತ ಮೇಲಿನ ಗುಂಡಿಯಲ್ಲಿ ನೀರು ತಿಳಿಯಾಗಿದೆ, ತೋಟ ದಾಟಿದ ಮೇಲಿನ ಗುಂಡಿಯಲ್ಲಿ ದಪ್ಪ ಹಸಿರು ಪಾಚಿ. ಬೇಸಿಗೆಯಲ್ಲಿ ಅದೇ ನೀರನ್ನು ಒಂದು ಬಾಟಲಿ ಲ್ಯಾಬಿಗೆ ಕೊಟ್ಟಿದ್ದೆ. ನೈಟ್ರೇಟ್ (ನೀರಿನಲ್ಲಿ ಕರಗಿದ ಸಾರಜನಕದ ರೂಪ) ಮಿತಿಯೊಳಗೇ ಇದೆ ಅಂತ ಬಂತು. ಹಾಗಾದ್ರೆ ಪಾಚಿ ಎಲ್ಲಿಂದ? ಹಳ್ಳದಲ್ಲಿ ಎಷ್ಟು ನೀರು ಹೋಗುತ್ತದೆ, ಅದರ ಜೊತೆ ನಮ್ಮ ಗೊಬ್ಬರ ಎಷ್ಟು ಹೋಗುತ್ತದೆ, ಇದನ್ನು ಮನೆಮಟ್ಟಿಗೆ ಅಳೆಯಲು ಆಗುತ್ತದಾ? ಗೊತ್ತಿದ್ದವರು ಹೇಳಿ.

ಮಣ್ಣುನೀರು

ಆಗುತ್ತದೆ. ಕಷ್ಟದ್ದಲ್ಲ, ಆದರೆ ಬೇಸಿಗೆಯ ಒಂದು ಬಾಟಲಿಯಿಂದ ಆಗುವುದಿಲ್ಲ. ಡೇರಿಗೆ ಹಾಲು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ಲಿ ಲೀಟರೂ ಬೇಕು, ಫ್ಯಾಟೂ ಬೇಕು, ಎರಡನ್ನೂ ಸೇರಿಸಿಯೇ ದುಡ್ಡು. ನಿಮ್ಮ ಲ್ಯಾಬ್ ರಿಪೋರ್ಟ್ ಹೇಳುವುದು ಫ್ಯಾಟ್ ಮಾತ್ರ, ಅದೂ ಹಳ್ಳ ಹೆಚ್ಚುಕಡಿಮೆ ನಿಂತೇ ಹೋದ ದಿನದ್ದು.

'ಮಿತಿಯೊಳಗೆ' ಅಂದರೆ ಕುಡಿಯುವ ನೀರಿನ ಮಿತಿ, ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಅದು ಮನುಷ್ಯರ ಆರೋಗ್ಯಕ್ಕೆ ಹಾಕಿದ ಗೆರೆ. ಪಾಚಿಗೆ ಅಷ್ಟೆಲ್ಲ ಬೇಕಾಗಿಲ್ಲ. ರಂಜಕವಾದರೆ ಲೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ನಿಂತ ನೀರು ಹಸಿರಾಗುತ್ತದೆ. ಜೊತೆಗೆ ಪಾಚಿ ಬೆಳೆದಿದೆ ಅಂದರೆ ನೀರಿನಲ್ಲಿದ್ದ ನೈಟ್ರೇಟನ್ನು ಅದಾಗಲೇ ತಿಂದಾಗಿದೆ, ರಿಪೋರ್ಟಿನಲ್ಲಿ ಕಡಿಮೆ ಬರದೆ ಇನ್ನೇನು? ಇನ್ನೂ ಒಂದು ನೋಡಿ: ಮೇಲಿನ ಗುಂಡಿಗೆ ಮರದ ನೆರಳಿದೆಯಾ, ಕೆಳಗಿನದ್ದಕ್ಕೆ ನೇರ ಬಿಸಿಲಾ? ಬಿಸಿಲಿನ ಪಾತ್ರವೂ ಇರಬಹುದು, ಎಲ್ಲವನ್ನೂ ಗೊಬ್ಬರದ ತಲೆಗೆ ಕಟ್ಟಬೇಡಿ.

ಈ ತರದ ಲೆಕ್ಕ ಮೊದಲು ಚೆನ್ನಾಗಿ ಹಾಕಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಅನ್ನುವ ಕಾಡಿನಲ್ಲಿ. 1963ರಲ್ಲಿ ಬೋರ್ಮನ್, ಲೈಕನ್ಸ್ ಮತ್ತು ಜೊತೆಗಾರರು ಶುರು ಮಾಡಿದರು. ಅಲ್ಲಿ ಅಡಿಗೆ ಬಂಡೆ, ನೀರು ಆಳಕ್ಕೆ ಇಳಿದು ತಪ್ಪಿಸಿಕೊಳ್ಳುವುದಿಲ್ಲ. ಮಳೆಯಲ್ಲಿ ಬಂದದ್ದೆಷ್ಟು, ಹಳ್ಳದಲ್ಲಿ ಹೋದದ್ದೆಷ್ಟು ಅಂತ ಅಳೆದರೆ ಕಾಡಿನ ಜಮಾ ಖರ್ಚು ಸಿಕ್ಕಿಬಿಡುತ್ತದೆ. 1965ರ ಕೊನೆಗೆ ಒಂದು ಹಳ್ಳದ ಜಲಾನಯನದ (ಆ ಹಳ್ಳಕ್ಕೆ ನೀರು ಹರಿದು ಬರುವ ಜಾಗದ) ಮರಗಳನ್ನೆಲ್ಲ, ಸುಮಾರು 15 ಹೆಕ್ಟೇರಿನಷ್ಟು, ಕಡಿದು ಅಲ್ಲೇ ಬಿಟ್ಟರು. ಚಿಗುರದ ಹಾಗೆ ಮೂರು ಬೇಸಿಗೆ ಕಳೆನಾಶಕ ಹೊಡೆದರು. ಏನಾಯಿತು ಗೊತ್ತಾ? ಹಳ್ಳದ ನೀರು ಮೊದಲ ವರ್ಷವೇ ಸುಮಾರು 40% ಜಾಸ್ತಿಯಾಯಿತು. ನೈಟ್ರೇಟ್ 40 ಪಟ್ಟಿಗೂ ಮೀರಿ ಏರಿತು, ಕುಡಿಯುವ ಮಿತಿಯನ್ನೂ ದಾಟಿತು. ಬೇರು ಹಿಡಿದಿಟ್ಟುಕೊಂಡಿದ್ದೆಲ್ಲ ಹಳ್ಳದ ಪಾಲು.

ಅಂದರೆ ನಿಮ್ಮ ತಮ್ಮ ಹೇಳಿದ 'ಮರ ನೀರು ಕುಡಿಯುತ್ತದೆ' ಸುಳ್ಳಲ್ಲ. ದೊಡ್ಡಪ್ಪನ ಮಾತೂ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಕಟ್ಟದಕರೆ (ಪುತ್ತೂರು)

ಅಮೆರಿಕದ ಕಥೆ ನಮಗೆ ಎಷ್ಟು ಹೊಂದುತ್ತದೆ ಮಾರಾಯ್ರೆ? ಅಲ್ಲಿ ಹಿಮ, ಬಂಡೆ, ವರ್ಷವಿಡೀ ಹಂಚಿಕೊಂಡು ಬೀಳುವ ಮಳೆ. ನಮ್ಮಲ್ಲಿ ಮೂರು ಸಾವಿರ ಚಿಲ್ಲರೆ ಮಿಲಿಮೀಟರ್ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಆಮೇಲೆ ಆರು ತಿಂಗಳು ಆಕಾಶ ನೋಡುವುದು. ಅಡಿಗೆ ಮುರಕಲ್ಲು (ಜಂಬಿಟ್ಟಿಗೆ), ಅದರೊಳಗೆ ಎಲ್ಲಿಂದ ಎಲ್ಲಿಗೆ ಮಾಟೆ (ಪೊಳ್ಳು ದಾರಿ) ಇದೆಯೋ ದೇವರಿಗೇ ಗೊತ್ತು. ನಮ್ಮ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರೆ ಮಾರ್ಚ್‌ನಲ್ಲೂ ನೀರು ಬರುತ್ತದೆ. ಹಳ್ಳದಲ್ಲಿ ಕಾಣದ ನೀರು ಗುಡ್ಡದ ಹೊಟ್ಟೆಯಲ್ಲಿ ಇರುತ್ತದೆ ಅಂತಾಯಿತಲ್ಲ. ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಮಣ್ಣುನೀರು

ಸರಿಯಾದ ಪ್ರಶ್ನೆ. ನಮ್ಮಲ್ಲಿ ವರ್ಷದ ಒಟ್ಟು ನೀರಿಗಿಂತ ಅದು ಯಾವಾಗ ಬಂತು ಅನ್ನುವುದೇ ಮುಖ್ಯ. ಜುಲೈಯಲ್ಲಿ ಹಳ್ಳ ಎಷ್ಟು ಭೋರ್ಗರೆದರೂ ತೋಟಕ್ಕೆ ಏನು ಬಂತು? ಬೇಕಾದದ್ದು ಫೆಬ್ರವರಿಯ ನೀರು. ಅದು ಜುಲೈಯಲ್ಲಿ ಮಣ್ಣಿಗೆ ಇಳಿದು, ಮುರಕಲ್ಲಿನೊಳಗೆ ನಿಧಾನ ನಡೆದು ಬಂದದ್ದು.

ಉತ್ತರ ಕನ್ನಡದಲ್ಲೇ ಇದನ್ನು ಅಳೆದಿದ್ದಾರೆ. ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮೊದಲಾದವರು ಸಹಜ ಕಾಡು, ಸೊರಗಿ ಬೋಳಾದ ಜಾಗ, ಅಕೇಶಿಯಾ ನೆಟ್ಟ ಜಾಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2012, 2013ರಲ್ಲಿ ಪ್ರಕಟವಾಯಿತು. ಬೋಳು ಜಾಗದಲ್ಲಿ ಜೋರು ಮಳೆ ಬಂದರೆ ನೀರು ಮೇಲಿಂದ ಮೇಲೇ ಓಡಿಹೋಗುತ್ತದೆ. ಸಹಜ ಕಾಡಿನಲ್ಲಿ ಜಾಸ್ತಿ ಇಂಗುತ್ತದೆ. ಅಕೇಶಿಯಾ ನಡುವೆ ಎಲ್ಲೋ ನಿಲ್ಲುತ್ತದೆ. ಮರ ಕುಡಿಯುವುದೂ ನಿಜ, ಇಂಗಿಸುವುದೂ ನಿಜ, ಎರಡರಲ್ಲಿ ಯಾವುದು ಮೇಲುಗೈ ಅನ್ನುವುದು ಮಣ್ಣು, ಮಳೆ ನೋಡಿಕೊಂಡು ಬದಲಾಗುತ್ತದೆ. ಮಲೆನಾಡಿನಂಥ ಮಳೆಯಲ್ಲಿ ಇಂಗಿಸುವುದಕ್ಕೆ ತೂಕ ಜಾಸ್ತಿ.

ಐಐಎಸ್ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಹೇಳಿದ್ದೂ ಇದಕ್ಕೆ ಹತ್ತಿರವೇ. ಜಲಾನಯನದ 60%ಕ್ಕಿಂತ ಹೆಚ್ಚು ಭಾಗ ಸ್ಥಳೀಯ ಜಾತಿಯ ಮರಗಿಡ ಇದ್ದ ಕಡೆ ಹಳ್ಳ ವರ್ಷಪೂರ್ತಿ ಹರಿಯುತ್ತದೆ, ಒಂದೇ ಜಾತಿಯ ಪ್ಲಾಂಟೇಶನ್ ಇದ್ದಲ್ಲಿ 6ರಿಂದ 8 ತಿಂಗಳು, ಬಯಲಾದಲ್ಲಿ 4 ತಿಂಗಳು. ನಿಮ್ಮ ಹಳ್ಳ ಜೂನ್‌ನಿಂದ ಫೆಬ್ರವರಿ ಅಂದರೆ ಎಲ್ಲಿ ಕೂರುತ್ತದೆ ನೀವೇ ನೋಡಿ. ಬೋರ್‌ವೆಲ್ ಬಿಟ್ಟುಬಿಡಿ ಅಂತಲ್ಲ, ಆದರೆ ಹಳ್ಳದ ದಂಡೆಯ ತೆರೆದ ಬಾವಿಗೆ ದೊಡ್ಡ ಪಂಪ್ ಹಾಕಿದವರು ಯಾರಾದರೂ ಇದ್ದರೆ ಅದನ್ನು ಮೊದಲು ವಿಚಾರಿಸಿ. ಅದು ನೇರ ಹಳ್ಳದ ನೀರೇ.

ಪೋಷಕಾಂಶದ ವಿಷಯದಲ್ಲಿ ನಮ್ಮ ಕೆಂಪು ಮಣ್ಣಿಗೆ ಒಂದು ಗುಣ. ರಂಜಕವನ್ನು ಅದರ ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ರಂಜಕ ನೀರಿನಲ್ಲಿ ಕರಗಿ ಹೋಗುವುದಕ್ಕಿಂತ ಮಣ್ಣಿನ ಜೊತೆಯೇ ಹೋಗುವುದು ಜಾಸ್ತಿ. ಹಳ್ಳ ಕೆಂಪಾಗಿ ಹರಿದ ದಿನ ರಂಜಕ ಹೋದ ದಿನ. ನೈಟ್ರೇಟ್ ಹಾಗಲ್ಲ, ಮಣ್ಣು ಅದನ್ನು ಹಿಡಿಯುವುದಿಲ್ಲ. ನೀರು ತಿಳಿಯಾಗಿದ್ದರೂ ಅದು ಹೋಗುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ದರಕಿನಕಲ್ಲಿ (ಶಿರಸಿ)

ಬೆಟ್ಟದ ವಿಷಯ ಯಾರೂ ಎತ್ತಲಿಲ್ಲವಲ್ಲ, ನಾನೇ ಎತ್ತುತ್ತೇನೆ. ನಮ್ಮ ಕಡೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟಿದ್ದು. ಪ್ರತಿ ವರ್ಷ ಸೊಪ್ಪು ಕಡಿದು, ದರಕು (ಉದುರಿದ ಒಣ ಎಲೆ) ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ. ಅಂದರೆ ಒಂಬತ್ತು ಎಕರೆಯ ಸಾರವನ್ನು ಒಂದು ಎಕರೆಗೆ ಇಳಿಸುವುದು! ಮಣ್ಣುನೀರು ಅವರೇ, ಹಳ್ಳದಲ್ಲಿ ಹೋಗುವುದನ್ನು ಅಳೆಯುತ್ತೀರಿ, ಹೆಡಿಗೆಯಲ್ಲಿ (ಸೊಪ್ಪು ಹೊರುವ ಬುಟ್ಟಿಯಲ್ಲಿ) ಹೋಗುವುದನ್ನು ಅಳೆಯಬೇಡವಾ?

ಮತ್ತೆ ದರಕು ಪೂರ್ತಿ ಗುಡಿಸಿದ ಬೆಟ್ಟದಲ್ಲಿ ಮಳೆ ಹನಿ ಬರಿ ಮಣ್ಣಿಗೆ ಬಡಿಯುತ್ತದೆ. ಮಣ್ಣು ಹಲಗೆ ಕಟ್ಟುತ್ತದೆ, ಇಂಗುವುದಿಲ್ಲ. ನಮ್ಮ ಅತ್ತೆ ಯಾವಾಗಲೂ ಮರದ ಬುಡದ ಒಂದು ಪದರ ಬಿಟ್ಟು ಮೇಲಿಂದ ಮಾತ್ರ ಗುಡಿಸಿ ಅನ್ನುತ್ತಿದ್ದರು. ಈಗ ದರಕು ಮಾರಾಟಕ್ಕೂ ಹೋಗುತ್ತದೆ, ನೆಲ ಕಾಣುವವರೆಗೂ ಗುಡಿಸುತ್ತಾರೆ. ಕೂಲಿಗೆ ಬಂದವರನ್ನು ಬೈದು ಪ್ರಯೋಜನವಿಲ್ಲ, ಪೂರ್ತಿ ಗುಡಿಸಿ ಅಂತ ಹೇಳಿದ್ದು ನಾವೇ ಅಲ್ವಾ.

ತೋಟದಂಚು ತಮ್ಮಾ, ನಿಮ್ಮ ಹಳ್ಳದ ತಲೆಯಲ್ಲಿ ಜಡ್ಡಿ (ವರ್ಷವಿಡೀ ಕೆಸರಾಗಿರುವ ಕಾಡಿನ ಜೌಗು) ಏನಾದರೂ ಇತ್ತಾ? ರಾಂಪತ್ರೆ ಮರಗಳ ಜಡ್ಡಿ? ಹಿರಿಯರನ್ನು ಕೇಳಿ ನೋಡಿ.

ತೋಟದಂಚು

ಅಕ್ಕಾ, ಕೇಳಿದೆ. ಇತ್ತಂತೆ! ಹಳ್ಳ ಹುಟ್ಟುವಲ್ಲಿ ತಗ್ಗು ಜಾಗ, ಮಂಡಿ ಮಡಚಿದ ಹಾಗೆ ಬೇರು ನೆಲದಿಂದ ಎದ್ದಿರುತ್ತಿತ್ತು, ಮೇ ತಿಂಗಳಲ್ಲೂ ಕಾಲಿಟ್ಟರೆ ಹೂಳುತ್ತಿತ್ತು ಅಂತ ದೊಡ್ಡಪ್ಪ ಹೇಳಿದರು. ಅಜ್ಜನ ಕಾಲದಲ್ಲಿ ಮರ ತೆಗೆದು, ನಡುವೆ ಕಾದಿಗೆ (ಬಸಿಗಾಲುವೆ) ಹೊಡೆದು ನೀರು ಬಸಿದು ಗದ್ದೆ ಮಾಡಿದ್ದು. ಈಗ ಅದೂ ಅಡಿಕೆ ತೋಟವೇ. ಮನೆಯಲ್ಲಿ ಕಾಡು, ಅಕೇಶಿಯಾ, ಬೋರ್‌ವೆಲ್ ಅಂತ ಇಷ್ಟು ಜಗಳ ಆಡಿದರೂ ಇದನ್ನು ಯಾರೂ ಬಾಯಿಬಿಟ್ಟಿರಲಿಲ್ಲ.

ಮಣ್ಣುನೀರು

ಅಕ್ಕಾ, ಹೆಡಿಗೆ ಲೆಕ್ಕ ಖಂಡಿತ ಬೇಕು. ದರಕಿನ ಒಂದಿಷ್ಟು ಹೆಡಿಗೆ ತೂಗಿ ಸರಾಸರಿ ಹಿಡಿದರೆ ಸಾಕು. ಗಮನಿಸಬೇಕಾದದ್ದು, ಪೊಟ್ಯಾಷ್ ಎಲೆಯಲ್ಲಿ ಕಟ್ಟಿ ಹಾಕಿದ ಹಾಗೆ ಇರುವುದಿಲ್ಲ. ಮಳೆಗೆ ನೆನೆದರೆ ಬೇಗ ತೊಳೆದುಹೋಗುತ್ತದೆ. ಒಣಗಿದ್ದಾಗ ಗುಡಿಸಿದ ದರಕಿಗೂ ಮಳೆ ಬಿದ್ದ ಮೇಲಿನ ದರಕಿಗೂ ವ್ಯತ್ಯಾಸವಿದೆ.

ಜಡ್ಡಿಯ ಸುದ್ದಿ ಕೇಳಿ ನನಗೆ ಅರ್ಧ ಉತ್ತರ ಸಿಕ್ಕಿತು ಅನ್ನಿಸುತ್ತಿದೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇನ್ನೂ ಒಂದಿಷ್ಟು ಉಳಿದಿವೆ, ಹೋಗಿ ನೋಡಿ ಬನ್ನಿ. ಅಲ್ಲಿ ಹಳ್ಳ ಒಂದೇ ಪಾತ್ರ ಹಿಡಿದು ಓಡುವುದಿಲ್ಲ. ಬೇರಿನ ಮಂಡಿಗಳ ನಡುವೆ ಹರಡಿಕೊಂಡು, ಎಲೆ ಕೆಸರಿನ ಮೇಲೆ ತೆವಳುತ್ತದೆ. ಬೇರು ನೆಲದಿಂದ ಮೇಲೆ ಎದ್ದಿರುವುದು ಉಸಿರಾಟಕ್ಕೆ, ಯಾಕೆಂದರೆ ಕೆಸರಿನಲ್ಲಿ ಆಮ್ಲಜನಕವೇ ಇರುವುದಿಲ್ಲ. ಆಮ್ಲಜನಕ ಇಲ್ಲದ ಆ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ನೈಟ್ರೇಟಿನಿಂದ ಉಸಿರಾಡಿ, ಅದನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಜಡ್ಡಿ ಬಸಿದಾಗ ನೀವು ಎರಡನ್ನೂ ಕಳೆದುಕೊಂಡಿರಿ, ನೀರಿನ ನಿಧಾನವನ್ನೂ, ನೈಟ್ರೇಟ್ ಹಿಡಿಯುವ ಜಾಗವನ್ನೂ. ಕಾದಿಗೆ ಇರುವುದೇ ನೀರನ್ನು ಬೇಗ ಆಚೆ ಹಾಕುವುದಕ್ಕೆ, ಅಡಿಕೆಗೆ ಅದು ಬೇಕೇ ಬೇಕು, ಬುಡದಲ್ಲಿ ನೀರು ನಿಂತರೆ ಮರ ಉಳಿಯುವುದಿಲ್ಲ. ಆದರೆ ಗೊಬ್ಬರಕ್ಕೂ ಅದೇ ದಾರಿ.

ಕೆರೆಏರಿ (ಬೆಂಗಳೂರು)

ಹಾಗಾದ್ರೆ ಹಳ್ಳದ ಕೆಳಗೆ ಒಂದು ಸಣ್ಣ ಜೌಗು ಜಾಗ ಮಾಡಿ ಆಪು (ಜೊಂಡು) ಬೆಳೆಸಿದರೆ ಎಲ್ಲ ಹೀರಿಕೊಳ್ಳುತ್ತದೆ ಅಲ್ವಾ? ನಮ್ಮ ಜಕ್ಕೂರು ಕೆರೆಯಲ್ಲಿ ಹಾಗೇ ಇದೆ. ಮೇಲೆ ಕೊಳಚೆ ಶುದ್ಧೀಕರಣ ಘಟಕ, ಅಲ್ಲಿಂದ ಬಂದ ನೀರು ಆಪು, ಕಳೆ ಬೆಳೆದ ಜೌಗು ಭಾಗ ದಾಟಿ ಆಮೇಲೆ ಕೆರೆಗೆ. ಬೆಳ್ಳಂದೂರು ಕೆರೆಯ ನೊರೆ, 2017ರ ಫೆಬ್ರವರಿಯ ಬೆಂಕಿ ಎಲ್ಲ ನೋಡಿದವರಿಗೆ ಜಕ್ಕೂರು ಸ್ವರ್ಗ.

ಮಣ್ಣುನೀರು

'ಎಲ್ಲ' ಅನ್ನಬೇಡಿ. ಸಾರಜನಕಕ್ಕೆ ಗಾಳಿಗೆ ಹಾರುವ ದಾರಿ ಇದೆ, ರಂಜಕಕ್ಕೆ ಆ ದಾರಿ ಇಲ್ಲ. ಅದು ಕೆಸರಿನಲ್ಲೋ ಆಪಿನ ದಂಟಿನಲ್ಲೋ ಕೂರುತ್ತದೆ. ಆಪು ಕೊಯ್ದು ಹೊರಗೆ ಸಾಗಿಸಿದರೆ ಅಷ್ಟು ಹೋಯಿತು, ಅಲ್ಲೇ ಕೊಳೆಯಲು ಬಿಟ್ಟರೆ ವಾಪಸ್ ನೀರಿಗೇ. ಕೆಸರಿನಲ್ಲಿ ಆಮ್ಲಜನಕ ಮುಗಿದರೆ ಕಬ್ಬಿಣ ಹಿಡಿದುಕೊಂಡಿದ್ದ ರಂಜಕವೂ ಸಡಿಲವಾಗುತ್ತದೆ. ಕೊಳಚೆ ನಿಲ್ಲಿಸಿದ ಮೇಲೂ ಹಳೇ ಕೆರೆಗಳು ಬೇಗ ಸುಧಾರಿಸದೇ ಇರಲು ಇದೂ ಒಂದು ಕಾರಣ, ತಳದ ಹೂಳೇ ಹಳೇ ರಂಜಕವನ್ನು ನೀರಿಗೆ ಬಿಡುತ್ತಾ ಇರುತ್ತದೆ.

ಕೋಡಿಹಿನ್ನೀರು (ಕುಮಟಾ)

ನೀವೆಲ್ಲ ಮೇಲೆ ಕೂತು ಹಳ್ಳಕ್ಕೆ ಹೋದದ್ದೆಲ್ಲ ನಷ್ಟ ಅಂತ ಬರೆಯುತ್ತಿದ್ದೀರಿ. ಕೆಳಗಿನವರ ಮಾತೂ ಇರಲಿ. ಅಘನಾಶಿನಿ ಶಿರಸಿಯಿಂದ ಹೊರಟು ತದಡಿ ಹತ್ತಿರ ಸಮುದ್ರ ಸೇರುವವರೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಕಾಡಿನ ಎಲೆ ಕೊಳೆತದ್ದು, ಮಣ್ಣು, ಎಲ್ಲ ಅಳಿವೆಗೆ (ನದಿ ಸಮುದ್ರ ಸೇರುವಲ್ಲಿಗೆ) ಬರಬೇಕು. ಅದನ್ನೇ ನಂಬಿ ಕಾಂಡ್ಲ ಗಿಡ, ಸಿಗಡಿ, ಬಳಚು (ಚಿಪ್ಪುಮೀನು). ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಸಿಗಡಿ ಮೀನು, ಅದಕ್ಕೂ ಈ ನೀರೇ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೂ (ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿತು.

ಪಕ್ಕದ ಶರಾವತಿ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಆಮೇಲೆ ಗೇರುಸೊಪ್ಪದ್ದು. ಕರೆಂಟ್ ತೆಗೆಯಲು ವರ್ಷವಿಡೀ ನೀರು ಬಿಡುತ್ತಾರೆ, ಅಳಿವೆಯಲ್ಲಿ ಉಪ್ಪೇ ಏರುವುದಿಲ್ಲ. ಅಘನಾಶಿನಿಗೆ ಹೋಲಿಸಿದರೆ ಬಳಚಿನ ಜಾತಿಗಳೂ ಕಡಿಮೆ. ಬೇಸಿಗೆಯಲ್ಲಿ ನೀರು ಜಾಸ್ತಿ ಆದರೂ ತೊಂದರೆ ಅಂತ ಘಟ್ಟದ ಮೇಲಿನವರಿಗೆ ಹೇಳಿದರೆ ನಗುತ್ತಾರೆ! ಯೂರಿಯಾ ಬರಲಿ ಅಂತ ನಾನು ಹೇಳುತ್ತಿಲ್ಲ. ಕಾಡಿನಿಂದ ತೊಟ್ಟು ತೊಟ್ಟಾಗಿ ಬರುವುದು ಬೇರೆ, ಚೀಲದಿಂದ ಒಮ್ಮೆಲೇ ಬರುವುದು ಬೇರೆ.

ತೋಟದಂಚು

ಇದು ನನ್ನ ತಲೆಗೆ ಬಂದೇ ಇರಲಿಲ್ಲ ಸರ್, ಧನ್ಯವಾದ. ಈಗ ಕೆಲಸಕ್ಕೆ ಬರೋಣ. ಅಳೆಯುವುದು ಹೇಗೆ? ಮಳೆ ಲೆಕ್ಕ ಅಪ್ಪ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ, ಬಹಳ ವರ್ಷದ್ದಿದೆ.

ಮಣ್ಣುನೀರು

ಕ್ಯಾಲೆಂಡರ್ ಜೋಪಾನ, ಅದು ಬಂಗಾರ. ಒಂದು ಹೆಕ್ಟೇರಿಗೆ 1 ಮಿಲಿಮೀಟರ್ ಮಳೆ ಅಂದರೆ 10,000 ಲೀಟರ್. ಜಲಾನಯನದ ವಿಸ್ತೀರ್ಣ ಗೊತ್ತಾದರೆ ಜಮಾ ಕಡೆ ಆಯಿತು.

ಖರ್ಚಿನ ಕಡೆಗೆ, ಹಳ್ಳ ಕಿರಿದಾದ ಜಾಗದಲ್ಲಿ ಒಂದು ತಗಡು ನಿಲ್ಲಿಸಿ. ಅದರ ನಡುವೆ 90 ಡಿಗ್ರಿಯ ಮೂಲೆ ಬರುವ ಹಾಗೆ ವಿ ಆಕಾರದ ಕಚ್ಚು. ಅಂಚು ಚೂಪಾಗಿರಬೇಕು, ನೀರು ಕಚ್ಚಿನಿಂದ ಆಚೆ ಬಿಡಿಯಾಗಿ ಬೀಳಬೇಕು, ತಗಡಿಗೆ ಅಂಟಿಕೊಂಡು ಇಳಿಯಬಾರದು. ತಗಡಿನ ಪಕ್ಕ, ಕೆಳಗೆ ಸೋರದ ಹಾಗೆ ಜೇಡಿಮಣ್ಣು ತುಂಬಿ. ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯಬೇಡಿ, ಅಲ್ಲಿ ನೀರು ಬಾಗಿರುತ್ತದೆ. ಒಂದು ಮೀಟರ್ ಹಿಂದೆ ನೀರು ಸುಮ್ನೆ ನಿಂತಿರುವಲ್ಲಿ ಸ್ಕೇಲ್ ಕಟ್ಟಿದ ಗೂಟ ಹುಗಿದು, ಕಚ್ಚಿನ ತಳಕ್ಕೆ ಸೊನ್ನೆ ಬರುವಂತೆ ಹೊಂದಿಸಿ. ಎಲೆ ಸಿಕ್ಕಿದ್ದರೆ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಓದಿ.

ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 2.5ರ ಘಾತಕ್ಕೆ ಏರಿಸಿ 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಬರುತ್ತದೆ. 5 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರ್ ಚಿಲ್ಲರೆ. 10 ಇದ್ದರೆ 4.4 ಲೀಟರ್. 20 ಇದ್ದರೆ 24.7 ಲೀಟರ್. ನೋಡಿ, ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗೂ ಜಾಸ್ತಿ. ಅದಕ್ಕೇ ಕಣ್ಣಂದಾಜು ಕೈಕೊಡುವುದು.

ಈಗ ಗೊಬ್ಬರ. ಸುಮ್ನೆ ಉದಾಹರಣೆಗೆ, 20 ಸೆಂಟಿಮೀಟರ್ ಹರಿಯುವ ದಿನ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಸಾರಜನಕ ಇದೆ ಅಂದುಕೊಳ್ಳಿ. ರಿಪೋರ್ಟಿನಲ್ಲಿ ಅದೇನೂ ದೊಡ್ಡದಾಗಿ ಕಾಣುವುದಿಲ್ಲ. ದಿನಕ್ಕೆ 21 ಲಕ್ಷ ಲೀಟರ್ ನೀರು, ಅದರಲ್ಲಿ 6.4 ಕಿಲೋ ಸಾರಜನಕ, ಯೂರಿಯಾ ಲೆಕ್ಕದಲ್ಲಿ ಸುಮಾರು 14 ಕಿಲೋ. ಮೂರು ದಿನ ಹಾಗೇ ಹರಿದರೆ 45 ಕಿಲೋದ ಚೀಲಕ್ಕೆ ಹತ್ತಿರ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಶಿಫಾರಸು, ಎಕರೆಗೆ 550 ಮರ ಹಿಡಿದರೆ 55 ಕಿಲೋ, ಅದರ ಪಕ್ಕ ಇಟ್ಟು ನೋಡಿ. ಪೂರ್ತಿ ನಿಮ್ಮ ತೋಟದ್ದೇ ಅಂತಲ್ಲ. ಅಕೇಶಿಯಾ ಬೇರು ಗಂಟಿನಲ್ಲಿ ಸಾರಜನಕ ಕಟ್ಟುವ ಮರ, ಆ ಗುಡ್ಡದಿಂದಲೂ ಬರಬಹುದು. ಅದಕ್ಕೇ ತೋಟದ ಮೇಲೊಂದು, ಕೆಳಗೊಂದು, ಎರಡು ಬಾಟಲಿ ಒಂದೇ ದಿನ.

ಬಾಟಲಿಯನ್ನು ಸೋಪು ಹಾಕಿ ತೊಳೆಯಬೇಡಿ, ಅದೇ ಹಳ್ಳದ ನೀರಲ್ಲಿ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ತುಂಬಿ, ಐಸ್‌ನಲ್ಲಿಟ್ಟು ಮರುದಿನದೊಳಗೆ ಲ್ಯಾಬಿಗೆ. ಲ್ಯಾಬಿನವರು ನೈಟ್ರೇಟ್ ಅಂತ ಕೊಟ್ಟರೋ, ನೈಟ್ರೇಟಿನಲ್ಲಿರುವ ಸಾರಜನಕ ಅಂತ ಕೊಟ್ಟರೋ ಕೇಳಿಕೊಳ್ಳಿ, ಎರಡಕ್ಕೂ 4.4 ಪಟ್ಟು ವ್ಯತ್ಯಾಸ. ಮತ್ತೆ ಜೂನ್‌ನ ಮೊದಲ ನೀರು ಬಿಡಲೇಬೇಡಿ. ಬೇಸಿಗೆಯಿಡೀ ಒಣ ಮಣ್ಣಿನಲ್ಲಿ ಸೇರಿಕೊಂಡ ನೈಟ್ರೇಟ್ ಆಗಲೇ ಒಮ್ಮೆಲೇ ತೊಳೆದು ಬರುವುದು. ತಿಂಗಳಿಗೊಂದು ಬಾಟಲಿ ಅಂತ ಶಿಸ್ತಾಗಿ ಕೂತರೆ ಅದೇ ತಪ್ಪಿಹೋಗುತ್ತದೆ.

ಕಟ್ಟದಕರೆ (ಪುತ್ತೂರು)

ತಗಡು ಮೇ ಕೊನೆಗೇ ಕೂರಿಸಬೇಡಿ ಮಾರಾಯ್ರೆ. ಮೊದಲ ಮಳೆಗೆ ಮೀನು ಹಳ್ಳ ಏರುವ ಹೊತ್ತು ಅದು. ಹಳ್ಳಕ್ಕೆ ಅಡ್ಡ ತಗಡು ಇಟ್ಟರೆ ಮೊಟ್ಟೆ ಇಡಲು ಹೊರಟ ಮೀನು ಕೆಳಗೇ ಉಳಿಯುತ್ತದೆ. ಊರವರು ಬಂದು ಕಿತ್ತು ಹಾಕುತ್ತಾರೆ, ಕಿತ್ತರೂ ತಪ್ಪಿಲ್ಲ.

ದರಕಿನಕಲ್ಲಿ (ಶಿರಸಿ)

ಸರಿಯಾಗಿ ಹೇಳಿದಿರಿ. ಆದರೆ ಮಣ್ಣುನೀರು ಅವರಿಗೆ ಬೇಕಾದದ್ದು ಅದೇ ಮೊದಲ ನೀರು. ಈಗ ಹೇಗೆ?

ಮಣ್ಣುನೀರು

ಮೀನಿಗೆ ದಾರಿ ಬಿಡಿ. ಜೂನ್, ಜುಲೈಗೆ ತಗಡು ಬೇಡ, ಆ ನೀರಿನಲ್ಲಿ ಅದು ಹೇಗೂ ನಿಲ್ಲುವುದಿಲ್ಲ. ಕಾಲುಸಂಕದ ಕೆಳಗೆ ಪಾತ್ರ ನೇರ ಇರುವ ಜಾಗ ಆರಿಸಿ, ಈಗಲೇ ಬತ್ತಿರುವಾಗ ಅದರ ಅಗಲ, ಬೇರೆ ಬೇರೆ ಎತ್ತರಕ್ಕೆ ಅಡ್ಡಕೊಯ್ತ (ನೀರು ತುಂಬುವ ಅಡ್ಡ ಸೀಳಿನ ವಿಸ್ತೀರ್ಣ) ಎಷ್ಟು ಅಂತ ಅಳೆದು ಬರೆದಿಡಿ. ಮಳೆ ಬಂದಾಗ ಸಂಕದ ಮೇಲೆ ನಿಂತು ಹಸಿ ಅಡಿಕೆಕಾಯಿ ಬಿಟ್ಟು, ಹತ್ತು ಮೀಟರ್ ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ನೋಡಿ. ಮೇಲ್ಮೈ ನೀರು ತಳಕ್ಕಿಂತ ಜೋರು, ಆದ್ದರಿಂದ ಬಂದ ವೇಗವನ್ನು 0.85ರಿಂದ ಗುಣಿಸಿ, ಅಡ್ಡಕೊಯ್ತದಿಂದ ಗುಣಿಸಿದರೆ ನೀರು ಸಿಕ್ಕಿತು. ಬಾಟಲಿಯನ್ನು ಹಗ್ಗ ಕಟ್ಟಿ ಸಂಕದಿಂದಲೇ ಇಳಿಸಿ, ರಾತ್ರಿ ಹಳ್ಳಕ್ಕೆ ಇಳಿಯಬೇಡಿ. ನವೆಂಬರ್‌ನಲ್ಲಿ ಹರಿವು ಇಳಿದ ಮೇಲೆ ತಗಡು.

ತೋಟದಂಚು

ಸಂಕ ಇದೆ, ಅಡಿಕೆಕಾಯಿಗೂ ಬರವಿಲ್ಲ. ಶನಿವಾರ ತಮ್ಮನ ಜೊತೆ ಹೋಗಿ ಅಡ್ಡಕೊಯ್ತ ಅಳೆದು ಇಲ್ಲೇ ಹಾಕುತ್ತೇನೆ. ಐಸ್ ಎಲ್ಲಿ ಸಿಗುತ್ತದೆ ಅಂತ ನೋಡಬೇಕು, ಮೀನು ಮಾರುವವರ ಹತ್ತಿರವೇ ಕೇಳಬೇಕೇನೋ.